ಇವರ ಧ್ವನಿ ಇದ್ದ ಡಿಸ್ಕ್

ಅಕ್ಟೋಬರ್ 6, ಸೋಮವಾರ

ಶಟರ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಎದುರಿಗೆ ಹೂ ಮಾರುವ ಹುಲಿಗವ್ವ ಓಡಿಬಂದು ಕೈ ಹಚ್ಚಿದಳು. "ಸಾಹೇಬ್ರು ಯಾವಾಗ ಬರ್ತಾರ್ರಿ ಭಾಭಿ?" ಎಂದಳು. ಬರುತ್ತಾರೆ ಎಂದೆ. ಎಲ್ಲರಿಗೂ ಅದನ್ನೇ ಹೇಳುವುದು.

ಇವರಿಗೆ ಲಕ್ವಾ ಹೊಡೆದದ್ದು ಆಗಸ್ಟ್‌ನಲ್ಲಿ, ಇದೇ ಅಂಗಡಿಯಲ್ಲಿ, ಯಾರದೋ ಕಂಪ್ಯೂಟರಿನ ಮುಚ್ಚಳ ಬಿಚ್ಚುತ್ತ ಕೂತಿದ್ದಾಗ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಸ್ವಲ್ಪ ಮರಳಿದೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಮಾತು ಮರಳಿಲ್ಲ. ಬಾಯಿಂದ ತುಂಡು ತುಂಡು ಸದ್ದು ಬರುತ್ತದೆ. ಅದರಲ್ಲೂ ವಿಚಿತ್ರವೆಂದರೆ ಬರುವ ತುಂಡುಗಳೆಲ್ಲ ಕನ್ನಡದವು. ಹುಟ್ಟಿನಿಂದ ಮನೆಯಲ್ಲಿ ಆಡಿದ ಉರ್ದು ಎಲ್ಲೋ ಹೋಗಿಬಿಟ್ಟಿದೆ. ಅತ್ತೆಗೆ ಇದೇ ದೊಡ್ಡ ನೋವು. "ತಾಯಿ ಕಲಿಸಿದ್ದು ಮರತ, ಗಿರಾಕಿ ಕಲಿಸಿದ್ದು ನೆನಪಿಟ್ಟ" ಎಂದು ಅಕ್ಕಿ ಆರಿಸುತ್ತ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಮಗನ ಮಂಚದ ಹತ್ತಿರ ಹೋಗಿ ತಾವೂ ಕನ್ನಡದಲ್ಲೇ ಮಾತು ತೆಗೆಯುತ್ತಾರೆ. ಈಗ ಮನೆಯಲ್ಲಿ ಎಲ್ಲರದೂ ಅದೇ ಭಾಷೆ.

ಮಧ್ಯಾಹ್ನ ಇವರು ಏನೋ ಕೇಳಿದರು. ನೀರು ಕೊಟ್ಟೆ, ಅಲ್ಲ. ದಿಂಬು, ಅಲ್ಲ. ಫ್ಯಾನು, ಅಲ್ಲ. ಕೊನೆಗೆ ಬೇಸತ್ತು ಕಣ್ಣು ಮುಚ್ಚಿಕೊಂಡರು. ನಾನೂ ಬೇಸತ್ತಿದ್ದೆ. ಅವರು ಕಣ್ಣು ಮುಚ್ಚಿದ್ದೇ ಹಾಯೆನಿಸಿತು.

ಅಕ್ಟೋಬರ್ 15, ಬುಧವಾರ

ಹಳೆಯ ವಿಂಡೋಸನ್ನು ಕಂಪನಿ ನಿನ್ನೆಯಿಂದ ಕೈಬಿಟ್ಟಿದೆಯೆಂದು ಸುದ್ದಿಯಲ್ಲಿ ಬಂದು, ಗಂಗಾವತಿಯ ಅರ್ಧ ಊರು ನಮ್ಮ ಅಂಗಡಿಗೆ ಬಂದ ಹಾಗಾಯಿತು. ಎಲ್ಲರದೂ ಒಂದೇ ಪ್ರಶ್ನೆ: ನಾಳೆಯಿಂದ ಕಂಪ್ಯೂಟರ್ ಬಂದ್ ಆಗುತ್ತದೆಯೇ?

ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ಹುಸೇನಪ್ಪ, ತನ್ನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದ. "ಇದನ್ನ ಒಗೀಬೇಕಾ ಅಕ್ಕಾರ? ಹೊಸಾದು ತಗೊಳ್ಳಾಕ ನನ್ನ ಕೈಲಿ ಆಗಂಗಿಲ್ರಿ."

"ಸ್ವಲ್ಪ ಕುಂದರ್ರಿ" ಎಂದು ಒಳಗೆ ಹೋಗಿ, ಫೋನಿನಲ್ಲಿ ಮನೆಯ ಸರ್ವರ್ ತೆರೆದು ಇವರ ವಿಡಿಯೊ ಹಾಕಿದೆ.

ಈ ವಿಡಿಯೊಗಳಿಂದಲೇ ನಾನು ಅಂಗಡಿ ನಡೆಸುತ್ತಿರುವುದು. ಕಂಪ್ಯೂಟರಿನ ವಿಷಯ ಕನ್ನಡದಲ್ಲಿ ಹೇಳುವ ಚಾನೆಲ್ ಶುರು ಮಾಡಬೇಕೆಂದು ಇವರಿಗೆ ಬಹಳ ಆಸೆಯಿತ್ತು. ಎರಡು ವರ್ಷ ವಿಡಿಯೊ ಮಾಡಿಟ್ಟರು. ವಿಂಡೋಸೋ ಲಿನಕ್ಸೋ, ಯಾವ ವ್ಯವಸ್ಥೆ ಯಾರಿಗೆ ಸರಿ, ಹಳೆ ಪೆಟ್ಟಿಗೆಯಿಂದ ಮನೆಗೊಂದು ಸಿನಿಮಾ ಸರ್ವರ್ ಮಾಡುವುದು ಹೇಗೆ, ಆಟ ಆಡುವಾಗ ಕಂಪ್ಯೂಟರ್ ಯಾಕೆ ಬಿಸಿಯಾಗುತ್ತದೆ, ಇಂಥವು. ಒಂದನ್ನೂ ಹೊರಗೆ ಬಿಡಲಿಲ್ಲ. ಇನ್ನೂ ಛಲೋ ಆಗಲಿ, ಇನ್ನೂ ಛಲೋ ಆಗಲಿ ಎನ್ನುತ್ತಲೇ ಇದ್ದರು. ಎಲ್ಲ ಮನೆಯ ಅಲಮಾರಿ ಕೆಳಗಿನ ಸರ್ವರಿನಲ್ಲಿವೆ. ಅದೂ ಇವರೇ ಯಾರೋ ಬಿಟ್ಟುಹೋದ ಪೆಟ್ಟಿಗೆಯಿಂದ ಮಾಡಿದ್ದು. ಅದರಲ್ಲಿ ಕೂಡಿಟ್ಟದ್ದು ಹಾಲ್‌ನ ಟಿವಿಯಲ್ಲೂ ಬರುತ್ತದೆ, ನನ್ನ ಫೋನಿನಲ್ಲೂ ಬರುತ್ತದೆ.

ವಿಡಿಯೊದಲ್ಲಿ ಇವರು ಹೇಳುತ್ತಾರೆ: "ಹೆದರಬ್ಯಾಡ್ರಿ. ನಿಮ್ಮ ಮಶೀನು ಸತ್ತಿಲ್ಲ. ತಿರುಗೋ ಡಿಸ್ಕ್ ತಗದು ಹೊಸಾ ನಮೂನಿ ಡಿಸ್ಕ್ ಹಾಕ್ರಿ, ಮೆಮೊರಿ ಜೋಡಿ ಮಾಡ್ರಿ. ಬರೇ ಇಂಟರ್ನೆಟ್ ನೋಡಾವ್ರು ಇದ್ರ ವಿಂಡೋಸ್ ಬದಲಿ ಲಿನಕ್ಸ್ ಹಾಕ್ರಿ, ರೊಕ್ಕಾ ಕೊಡೂದು ಬ್ಯಾಡ. ಆದ್ರ ಮೊದಲು ನಿಮ್ಮ ಪ್ರಿಂಟರು, ಹೆಬ್ಬಟ್ಟು ಒತ್ತೋ ಮಶೀನು ಅದರಾಗ ನಡೀತಾವೇನು ನೋಡ್ಕೋರಿ."

ಹೊರಗೆ ಬಂದು ಹುಸೇನಪ್ಪನಿಗೆ ಅದನ್ನೇ ಹೇಳಿದೆ. ಸಮಾಧಾನವಾಯಿತು. ಅವನಿಗೆ.

ಅಕ್ಟೋಬರ್ 24, ಶುಕ್ರವಾರ

ಕಾರಟಗಿಯ ಅಕ್ಕಿ ಗಿರಣಿಯ ಗೋವಿಂದರಾಜಣ್ಣನಿಗೆ ಕೆಲಸ ಕೇಳಲು ಫೋನ್ ಮಾಡಿದೆ. ಅವರ ಗಿರಣಿಯ ಕಂಪ್ಯೂಟರುಗಳನ್ನೆಲ್ಲ ಮೊದಲಿನಿಂದ ನೋಡಿಕೊಂಡವರು ಇವರೇ. "ಅಸ್ಲಮಭಾಯಿ ಆರಾಮಾಗಿ ಬರ್ಲಿ ಅಕ್ಕಾರ, ಆಮ್ಯಾಲ ನೋಡೂಣು" ಎಂದರು. ಮರ್ಯಾದೆಯಿಂದಲೇ ಹೇಳಿದರು. ನನ್ನ ಕೈಗೆ ಕೊಡುವುದಿಲ್ಲ ಎಂದು ಅರ್ಥ.

ಭಾವ ಅಬ್ದುಲರೌಫ ಕೊಪ್ಪಳದಿಂದ ಬಂದಿದ್ದರು. ಭಾಗ್ಯನಗರದ ಒಬ್ಬರು ಮೊಬೈಲ್ ಕವರ್ ಅಂಗಡಿಗೆ ಜಾಗ ಹುಡುಕುತ್ತಿದ್ದಾರಂತೆ. "ಹೊಸಾ ವರ್ಷದಿಂದ ಅವರಿಗೆ ಬಿಟ್ಟುಕೊಡು. ಮನೀ, ಅಂಗಡಿ ಎರಡೂ ನೀ ಒಬ್ಬಾಕಿ ಎಷ್ಟಂತ ಹೊರತಿ?" ಎಂದರು. ಕಾಳಜಿಯ ಮಾತೇ. ಇವರು ಮಂಚದ ಮೇಲಿಂದ "ಬ... ಬ..." ಎಂದರು. ಭಾವ, "ಹೌದು ಹೌದು, ಆರಾಮ ಮಾಡು" ಎಂದು ಹೊದಿಕೆ ಸರಿಮಾಡಿದರು.

ಭಾವ ಹೋದ ಮೇಲೆ ಅಡುಗೆಮನೆಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಇವರ ವಿಡಿಯೊ ಕೇಳಿದೆ. ಯಾವ ವಿಷಯದ್ದು ಎಂದು ನೋಡಲಿಲ್ಲ. ಬರೀ ಧ್ವನಿ. ನಡುವೆ ಒಮ್ಮೆ ಕ್ಯಾಮೆರಾ ಬಂದ್ ಮಾಡುವುದನ್ನು ಮರೆತು "ಜಬೀನ, ಚಾ ಆತೇನು?" ಎಂದು ಕೂಗುತ್ತಾರೆ. ಅದನ್ನೇ ಹಿಂದೆ ತಿರುಗಿಸಿ ಕೇಳಿದೆ. ಹೊರಗೆ ಹಾಲ್‌ನಲ್ಲಿ ಇವರು ಏನೋ ಸದ್ದು ಮಾಡುತ್ತಿದ್ದರು. ಈ ವಿಡಿಯೊ ಮುಗಿಯಲಿ, ಹೋಗುತ್ತೇನೆ ಎಂದುಕೊಂಡೆ.

ನವೆಂಬರ್ 9, ಭಾನುವಾರ

ದಣಿವು. ಫಿಸಿಯೊಥೆರಪಿಯ ಹೇಮಾವತಿ ಮೇಡಂ ಬಂದು ರಬ್ಬರ್ ಚೆಂಡು ಹಿಡಿಸಲು ನೋಡಿದರು. ಇವರು ಬಲಗೈ ತೆರೆಯಲೇ ಇಲ್ಲ. "ಮನಸು ಮಾಡ್ರಿ ಸರ್" ಎಂದು ಗೋಗರೆದು ಹೋದರು.

ಸರ್ವರಿನ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದೆ. ಹಾಗೆ ಸದ್ದು ಬಂದರೆ ತಡಮಾಡದೆ ಹೊಸದಕ್ಕೆ ನಕಲು ಮಾಡಿಕೊಳ್ಳಬೇಕೆಂದು ವಿಡಿಯೊದಲ್ಲಿಯೇ ಹೇಳಿದ್ದಾರೆ. ಹೊಸ ಡಿಸ್ಕ್ ತರಿಸುತ್ತೇನೆ. ಅದೊಂದು ಹೋಗಬಾರದು. ಬೇರೆ ಏನು ಹೋದರೂ ತಡೆದುಕೊಂಡೇನು.

ನವೆಂಬರ್ 21, ಶುಕ್ರವಾರ

ಹೇಗೆ ಬರೆಯಲಿ.

ಶುಕ್ರವಾರ ಮಧ್ಯಾಹ್ನ ಅಂಗಡಿ ಬಂದ್ ಇರುತ್ತದೆ. ಊಟವಾದ ಮೇಲೆ ಅಲಮಾರಿ ಕೆಳಗಿನ ಪೆಟ್ಟಿಗೆ ಎಳೆದು, ಹಾಲ್‌ನ ಟಿವಿಗೆ ಜೋಡಿಸಿ, ಹಳೆಯದು ಹೊಸದು ಎರಡೂ ಡಿಸ್ಕ್ ಹಚ್ಚಿದೆ. ಒಂದೇ ಕಂಪನಿ, ಒಂದೇ ಅಳತೆ. ಪರದೆಯ ಮೇಲೆ ಎರಡೂ ಒಂದೇ ಥರ ಕಂಡವು, ಕೊನೆಯ ಒಂದು ಅಕ್ಷರ ಮಾತ್ರ ಬೇರೆ. ಯಾವುದರಿಂದ, ಯಾವುದಕ್ಕೆ ಎಂದು ಕೇಳಿತು. ಹಾಕಿದೆ. ಒಪ್ಪಿಗೆ ಕೇಳಿತು. ಕೊಟ್ಟೆ. ಹಿಂದಿನ ರಾತ್ರಿ ಅತ್ತೆಗೆ ಜ್ವರ, ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿದ್ದವು.

ಇವರು ಮಂಚದ ಮೇಲಿಂದ ಟಿವಿ ನೋಡುತ್ತಿದ್ದರು. ಒಮ್ಮೆಲೇ "ಟಾ... ಟಾ..." ಎಂದರು.

"ಚಾ ಬೇಕೇನ್ರಿ? ತರ್ತೀನಿ, ತಡೀರಿ."

"ಟಾ! ಟಾ!" ಎಡಗೈಯಿಂದ ಮಂಚ ಬಡಿದರು.

"ತರ್ತೀನಂದ್ನೆಲ್ಲ! ಎಷ್ಟು ಅವಸರ ಮಾಡ್ತೀರಿ?"

ಚಹಾ ಮಾಡಿ ತಂದೆ. ಇವರು ಲೋಟವನ್ನು ಕೈಯಿಂದ ತಳ್ಳಿಬಿಟ್ಟರು. ನೆಲವೆಲ್ಲ ಚಹಾ. ನನಗೂ ಸಿಟ್ಟು ಬಂತು. "ನಾನೂ ಮನುಷ್ಯಾಳ ಅದೀನ್ರಿ" ಎಂದು ಕೂಗಿದೆ, ಒರೆಸುತ್ತ ಅತ್ತುಬಿಟ್ಟೆ. ಅವರು ಗೋಡೆಗೆ ಮುಖ ಮಾಡಿ ಮಲಗಿದರು.

ಸಂಜೆ ನಕಲು ಮುಗಿಯಿತು. ಹೊಸ ಡಿಸ್ಕ್ ತೆರೆದೆ, ಖಾಲಿ. ಹಳೆಯದು ತೆರೆದೆ, ಅದೂ ಖಾಲಿ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದ್ದೆ.

ನವೆಂಬರ್ 22, ಶನಿವಾರ

ಅಂಗಡಿ ತೆರೆಯಲಿಲ್ಲ.

ನವೆಂಬರ್ 27, ಗುರುವಾರ

ಅಳಿಸಿದ್ದನ್ನು ಮರಳಿ ತೆಗೆಯುವವರು ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ. ಫೋನಿನಲ್ಲಿ ಎಲ್ಲ ಕೇಳಿಕೊಂಡು, "ಬರೇ ಅಳಿಸಿದ್ರ ತಗೀಬಹುದಿತ್ತು ಮೇಡಂ. ಕಡೀತನಕಾ ಮ್ಯಾಲ ಬರದ್ರ ಕೆಳಗ ಏನೂ ಉಳಿಯಂಗಿಲ್ಲ" ಎಂದರು. ಥ್ಯಾಂಕ್ಸ್ ಹೇಳಿ ಇಟ್ಟೆ.

ಈ ದಿನಗಳಲ್ಲಿ ಇವರು ನನ್ನ ಕಡೆ ತಿರುಗಲಿಲ್ಲ, ನಾನೂ ಹತ್ತಿರ ಹೋಗಲಿಲ್ಲ. ಅವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದುಕೊಂಡಿದ್ದೆ. ಟಿವಿ ಕೆಟ್ಟಿದೆ ಎಂದು ಅತ್ತೆಗೆ ಹೇಳಿದ್ದೆ.

ಇವತ್ತು ಅಂಗಡಿಗೆ ಬಂದ ಗಿರಾಕಿಯೊಬ್ಬ ನಗುತ್ತ, "ನಂದಾ ತಪ್ಪು ಅಕ್ಕಾರ, ಕೇಬಲ್ಲು ಉಲ್ಟಾ ಚುಚ್ಚಿದ್ದೆ" ಎಂದ.

ಉಲ್ಟಾ.

ಗಿರಾಕಿಯನ್ನು ಅಲ್ಲೇ ಬಿಟ್ಟು, ಹುಲಿಗವ್ವನಿಗೆ ಅಂಗಡಿ ನೋಡಿಕೋ ಎಂದು ಹೇಳಿ, ಮನೆಗೆ ಬಂದೆ. ಇವರು ಗೋಡೆ ನೋಡುತ್ತಿದ್ದರು. ಮಂಚದ ಹತ್ತಿರ ನೆಲಕ್ಕೆ ಕೂತೆ.

"ಅವತ್ತು ನೀವು ಉಲ್ಟಾ ಅಂದ್ರಲ್ರಿ? ಚಾ ಅಲ್ಲ. ಉಲ್ಟಾ ಹಾಕೀದಿ ಅಂತ ಹೇಳಾಕತ್ತಿದ್ರಿ."

ಇವರು ಹೌದೆಂದು ತಲೆ ಆಡಿಸಿದರು.

"ಎಲ್ಲಾ ಹೋತ್ರಿ. ನೀವು ಮಾಡಿದ್ದು ಒಂದೂ ಉಳೀಲಿಲ್ಲ. ನಿಮ್ಮ ಧ್ವನಿ..." ಮಂಚದ ಅಂಚು ಹಿಡಿದುಕೊಂಡೆ. "ಅಡಗಿಮನ್ಯಾಗ ದಿನಾ ಕೇಳ್ತಿದ್ದೆ. ಅದೂ ಹೋತು."

ಇವರು ತಿರುಗಿದರು. ಬಾಯಿ ಒಂದು ಕಡೆಗೆ ಎಳೆಯಿತು. ಹಣೆಯ ನರ ಉಬ್ಬಿತು. ನಾನು ಏನನ್ನೂ ಊಹಿಸಿ ಹೇಳಲಿಲ್ಲ. ಅವರ ಬಾಯಿಯನ್ನೇ ನೋಡಿದೆ.

"ನ... ನನ್... ನನ್ನ... ಕೇ... ಕೇಳು."

ಪ್ರಶ್ನೆ ಕೇಳು ಎಂದರೋ, ಕಿವಿಗೊಟ್ಟು ಕೇಳು ಎಂದರೋ ತಿಳಿಯಲಿಲ್ಲ. ಎರಡಕ್ಕೂ ಹ್ಞೂಂ ಎಂದೆ.

ಡಿಸೆಂಬರ್ 14, ಭಾನುವಾರ

ಕುಷ್ಟಗಿಯಿಂದ ರವಿಕುಮಾರ ಎನ್ನುವ ಕಾಲೇಜು ಮೇಷ್ಟ್ರು ತಮ್ಮ ಆಟದ ಕಂಪ್ಯೂಟರ್ ತಂದಿದ್ದರು. ಕಾರಿನ ಆಟ ಹಾಕಿದರೆ ಸ್ವಲ್ಪ ಹೊತ್ತಿಗೆ ತಾನೇ ಬಂದ್ ಆಗುತ್ತದೆ. ಚಿತ್ರ ಮೂಡಿಸುವ ದುಬಾರಿ ಗ್ರಾಫಿಕ್ಸ್ ಕಾರ್ಡೇ ಹೋಗಿದೆಯೆಂದು ಬೇರೆ ಕಡೆ ಹೇಳಿದ್ದಾರಂತೆ.

ವಿಡಿಯೊ ಕರೆ ಮಾಡಿ ಇವರಿಗೆ ತೋರಿಸಿದೆ. ಈಗ ದಿನವೂ ಹಾಗೆ ಮಾಡುತ್ತೇನೆ, ಬೇರೆ ದಾರಿಯೂ ಇಲ್ಲ. ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಗಿರಾಕಿ ಚಡಪಡಿಸುತ್ತಾರೆ, ನಾನು ಕಾಯುತ್ತೇನೆ. "ದೂ... ದೂಳ. ಮೊದಲು. ಆಮ್ಯಾಲ... ಸಪ್ಲೆ." ಒಳಗೆ ಹತ್ತಿಯಂತೆ ದೂಳು ಕೂತಿತ್ತು. ತೆಗೆದರೂ ಬಂದ್ ಆಯಿತು. ಪವರ್ ಸಪ್ಲೆ ಬದಲಿಸಿದೆ, ಬಂದ್ ಆಗುವುದು ನಿಂತಿತು. ಕಾರ್ಡಿಗೆ ಏನೂ ಆಗಿರಲಿಲ್ಲ.

ಹಾಗಿದ್ದರೂ ಒಂದು ದಿನ ಆಡಿಸಿ ನೋಡದೆ ಕೊಡಬಾರದು. ಅಂಗಡಿಯಲ್ಲಿ ಹೊತ್ತಿಲ್ಲ. ಇವತ್ತು ಮನೆಗೆ ತಂದು ಟಿವಿಗೆ ಜೋಡಿಸಿದೆ. ನಾನು ಆಟ ಆಡಿದವಳಲ್ಲ. ಕಾರು ಹೊರಟಿತು, ಗೋಡೆಗೆ ಬಡಿಯಿತು. ಹಿಂದೆ ತಂದೆ, ಇನ್ನೊಂದು ಗೋಡೆ. ಅತ್ತೆ ಅಕ್ಕಿ ಆರಿಸುವುದನ್ನು ಬಿಟ್ಟು ನೋಡಿದರು. "ಯವ್ವಾ, ಇಕಿ ಮನೀ ಮಂದೀನ ಕುಂದರಿಸಿಕೊಂಡು ಹೊಂಟಿದ್ರ ಎಲ್ಲಾರೂ ಹೋಗಿಬಿಡ್ತಿದ್ವಿ" ಎಂದು ನಕ್ಕರು. ಅವರು ನಕ್ಕದ್ದು ಯಾವಾಗಲೋ.

ಇವರು ಮಂಚದ ಮೇಲೆ ಒದ್ದಾಡುತ್ತಿದ್ದರು. "ಬ್ರೇ... ಬ್ರೇಕ್! ಬ್ರೇಕ್ ಹಿಡಿ!"

"ಯಾವುದ್ರಿ ಬ್ರೇಕು?"

"ತಾ ಇಲ್ಲಿ."

ಎರಡು ಕೈಯಿಂದ ಹಿಡಿದು ಗುಂಡಿ ಒತ್ತುವ ಆಟದ ಹಿಡಿಕೆಯನ್ನು ಎಡಗೈಯಲ್ಲಿ ಕಸಿದುಕೊಂಡರು. ಎಡಗೈಯೊಂದರಿಂದ ಅದು ನಡೆಯುವುದಿಲ್ಲ. ಕಾರು ಮತ್ತೆ ಅಡ್ಡ ಹೋಯಿತು. ಇವರು ಬೈದುಕೊಂಡು ಬಲಗೈಯನ್ನು ಎತ್ತಿ ಹಿಡಿಕೆಯ ಮೇಲಿಟ್ಟರು. ಹೆಬ್ಬೆರಳು ಗುಂಡಿಯನ್ನು ಒತ್ತಿತು. ಬ್ರೇಕ್ ಬಿತ್ತು, ಕಾರು ತಿರುವಿನಲ್ಲಿ ನಿಂತಿತು.

ಮಾತಾಡಿದರೆ ಕೈ ತೆಗೆದಾರು ಎಂಬ ಭಯ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ಇವರು "ನೆರಳು ತಗಿ" ಎಂದರು. ಕಿಟಕಿಯ ಕಡೆ ಹೋಗಿ ನಿಂತೆ. ತಲೆ ಅಲ್ಲಾಡಿಸಿ ಪರದೆ ತೋರಿಸಿದರು. ಆಟದಲ್ಲಿ ನೆರಳಿನ ಗುಣಮಟ್ಟ ಇಳಿಸಿದರೆ ಕಾರ್ಡಿಗೆ ಭಾರ ಕಡಿಮೆಯಾಗುತ್ತದಂತೆ. ಇಳಿಸಿದೆ, ಚಿತ್ರ ತಡೆಯಿಲ್ಲದೆ ಓಡಿತು.

ಸಂಜೆ ಹೇಮಾವತಿ ಮೇಡಂಗೆ ಹೇಳಿದೆ. "ನನ್ನ ಚೆಂಡು ಒಗದುಬಿಡ್ರಿ ಹಂಗಾದ್ರ" ಎಂದರು.

ಮೈಕೈ ನೋವು. ಮಲಗುತ್ತೇನೆ.

ಜನವರಿ 3, ಶನಿವಾರ

ಭಾವ ಬಂದಿದ್ದರು, ಅಂಗಡಿ ನೋಡಲು ಭಾಗ್ಯನಗರದವರನ್ನೂ ಕರೆದುಕೊಂಡು. ಆ ಮನುಷ್ಯ ನಿಂತ ನಿಲುವಿನಲ್ಲೇ ಗೋಡೆ ಅಳೆಯತೊಡಗಿದ. ನಾನು ಒಂದು ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಬಿಗಿಸುತ್ತಿದ್ದೆ.

"ಭಾಯಿ, ಈ ಜಾಗಾ ನನಗ ಬೇಕು" ಎಂದೆ.

"ಅಸ್ಲಮನ ಒಪ್ಪಿಗಿ ತಗೊಂಡೇ ಬಂದೀನಿ. ಅವತ್ತು ಹ್ಞೂಂ ಅಂದನಲ್ಲ?"

"ಅವತ್ತು ಅವರು ಬ್ಯಾಡ ಅಂದಿದ್ರು."

ಭಾವ ನನ್ನನ್ನು ನೋಡಿದರು. ಮನೆಗೆ ಫೋನ್ ಹಚ್ಚಿ ಕೊಟ್ಟೆ. ಇವರು ಅತ್ತಲಿಂದ, "ಬ್ಯಾಡ, ಭಾಯಿ. ಅಂಗಡಿ ಬ್ಯಾರೆ ಯಾರಿಗೂ ಬ್ಯಾಡ. ಜಬೀನ ನಡಸ್ತಾಳ" ಎಂದರು. ಭಾವನಿಗೆ ಮೂರು ಸಲ ಹೇಳಬೇಕಾಯಿತು, ಅಂಗಡಿಯಲ್ಲಿ ಸಿಗ್ನಲ್ ಸರಿಯಿಲ್ಲ. ಆಮೇಲೆ ಅವರ ಕಣ್ಣು ತುಂಬಿತು. ಅಳೆಯುತ್ತಿದ್ದವನನ್ನು ಭುಜ ಹಿಡಿದು ಕರೆದುಕೊಂಡು ಹೋದರು. ಹೋಗುವಾಗ ಶಟರಿಗೆ ಎಣ್ಣೆ ಬಿಡಿಸಿಕೊಡುತ್ತೇನೆ ಎಂದರು.

ಜನವರಿ 19, ಸೋಮವಾರ

ಇವರು ಈಗ ಸಂಜೆ ಸ್ವಲ್ಪ ಹೊತ್ತು ಅಂಗಡಿಗೆ ಬಂದು ಕೂರುತ್ತಾರೆ. ಬಂದವರಿಗೆ ಬೇಸರವಿಲ್ಲದೆ ಹೇಳುತ್ತಾರೆ. ಇವತ್ತು ಒಬ್ಬರಿಗೆ ಮನೆ ಸರ್ವರ್ ಬೇಕಿತ್ತು. "ಹೊಸಾ ಪೆಟಗಿ ತಗೋಬ್ಯಾಡ್ರಿ, ಮೂಲ್ಯಾಗ ಬಿದ್ದಿದ್ದು ಸಾಕು. ವೈಫೈ ಮ್ಯಾಲ ನಂಬಬ್ಯಾಡ್ರಿ, ವಾಯರ್ ಎಳೀರಿ. ಲಿನಕ್ಸ್ ಸಣ್ಣ ಡಿಸ್ಕಿನ್ಯಾಗ, ಸಿನಿಮಾ ದೊಡ್ಡದರಾಗ" ಎಂದರು. ನಾನು ಬೆಸುಗೆ ಹಾಕುತ್ತಿದ್ದೆ, ಎಲ್ಲ ಕಿವಿಗೆ ಬೀಳುತ್ತಿತ್ತು.

ಮನೆಯ ಸರ್ವರ್ ಮತ್ತೆ ನಡೆಯುತ್ತಿದೆ. ಅತ್ತೆಯ ತಂಗಿಯ ಮಗಳ ಮದುವೆಯ ವಿಡಿಯೊ ಹಾಕಿದ್ದೇವೆ, ಅಷ್ಟೇ. ಇವರನ್ನು ಮತ್ತೆ ವಿಡಿಯೊ ಮಾಡುತ್ತೀರಾ ಎಂದು ಕೇಳಬೇಕೆಂದುಕೊಂಡೆ, ದಣಿವಿನಲ್ಲಿ ಮರೆತುಹೋಯಿತು.

ಫೆಬ್ರುವರಿ 10, ಮಂಗಳವಾರ

ಕಾರಟಗಿಯ ಗೋವಿಂದರಾಜಣ್ಣ ತಾವೇ ಫೋನ್ ಮಾಡಿದರು. ಗಿರಣಿಯ ಮುಖ್ಯ ಕಂಪ್ಯೂಟರ್ ಚಾಲೂ ಆಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದೆ, ನಡುವೆ ಟಿಕ್ ಟಿಕ್ ಸದ್ದು ಬೇರೆ. "ನೀವಾ ಬಂದು ನೋಡ್ರಿ ಅಕ್ಕಾರ" ಎಂದರು. ಅದೇ ಸದ್ದು, ಅದೇ ಕೆಲಸ. ಆಗುವುದಿಲ್ಲ ಎಂದುಬಿಡಬೇಕೆಂದಿದ್ದೆ.

"ಹೋಗೂಣು. ನಾನೂ ಬರ್ತೀನಿ" ಎಂದರು ಇವರು.

ಬಾಡಿಗೆ ಕಾರಿನಲ್ಲಿ ಹೋದೆವು. ಗಿರಣಿ ನಡೆಯುತ್ತಿತ್ತು. ಒಳಗೆಲ್ಲ ತೌಡಿನ ದೂಳು, ಕೂಗಿದರೂ ಕೇಳಿಸದಷ್ಟು ಸದ್ದು. ಆಫೀಸ್ ಕೋಣೆಯ ಬಾಗಿಲು ಹಾಕಿದ ಮೇಲೂ ಗಾಜು ನಡುಗುತ್ತಿತ್ತು. ಪೆಟ್ಟಿಗೆ ಬಿಚ್ಚಿದೆ. ಹಳೆ ಡಿಸ್ಕಿಗೆ ಕೆಂಪು ಪಟ್ಟಿ ಅಂಟಿಸಿದೆ. ಹಚ್ಚುವ ಮೊದಲು ಎರಡರ ಮೇಲಿನ ನಂಬರನ್ನೂ ಗಟ್ಟಿಯಾಗಿ ಓದಿದೆ, ಇವರು ಪರದೆಯ ಮೇಲೆ ಬೆರಳಿಟ್ಟು ನೋಡಿದರು. ಒಪ್ಪಿಗೆ ಕೇಳಿತು. ನನ್ನ ಕೈ ಮೇಲೆದ್ದು ಅಲ್ಲೇ ನಿಂತಿತು.

"ಸರಿ ಐತಿ, ಜಬೀನ. ಒತ್ತು."

ಒತ್ತಿದೆ. ಮುಗಿಯುವವರೆಗೆ ಇಬ್ಬರೂ ಅಲುಗದೆ ಕೂತೆವು. ಗೋವಿಂದರಾಜಣ್ಣ ತರಿಸಿದ ಮಿರ್ಚಿ ಭಜಿ ಆರಿಹೋಯಿತು. ಹೊಸ ಡಿಸ್ಕ್ ಹಾಕಿ ಚಾಲೂ ಮಾಡಿದಾಗ ಅವರ ಎಲ್ಲ ಲೆಕ್ಕ, ಎಲ್ಲ ವರ್ಷದ್ದು, ಇದ್ದ ಹಾಗೆಯೇ ತೆರೆದುಕೊಂಡಿತು. ಗುಮಾಸ್ತ "ಬಂತು ಬಂತು!" ಎಂದು ಎದ್ದು ನಿಂತ. ನಾನು ಕುರ್ಚಿಗೆ ಒರಗಿದೆ.

ಇವರು ಗೋವಿಂದರಾಜಣ್ಣನಿಗೆ ಹೇಳಿದರು: "ಸಾವ್ಕಾರ್ರ, ಇನ್ನ ಮ್ಯಾಲ ದಿನಾ ಸಂಜೀಗೆ ಒಂದು ನಕಲು ತಗೀರಿ. ಅದನ್ನ ಗಿರಣ್ಯಾಗ ಇಡಬ್ಯಾಡ್ರಿ, ಮನೀಗೆ ಒಯ್ರಿ. ಒಂದಾ ಕಡೆ ಇಟ್ಟು ನಾವು ಒಮ್ಮಿ ಎಲ್ಲಾ ಕಳ್ಕೊಂಡು ಕುಂತೀವಿ."

ಗೋವಿಂದರಾಜಣ್ಣ ಮೆಲ್ಲಗೆ ತಲೆಯಾಡಿಸಿದರು. ಗುಮಾಸ್ತನ ಮುಖ ನೋಡಿದರು. ಆಮೇಲೆ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಕೇಳಿದರು, "ಏನಂದ್ರು ಅಕ್ಕಾರ?"

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ, ನಿಜವಾಗಿಯೇ ಕಾಯುತ್ತಿದ್ದರು. ಇವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. "ಹೌದಾ! ಛಲೋ ಮಾತು ಹೇಳಿದ್ರು" ಎಂದು ಇವರ ಕೈ ಹಿಡಿದುಕೊಂಡರು.

ವಾಪಸು ಬರುವಾಗ ಕಾಲುವೆ ದಂಡೆಯ ರಸ್ತೆ, ಎರಡೂ ಕಡೆ ಕೊಯ್ಲು ಮುಗಿದ ಗದ್ದೆ. ಇವರು ಕಿಟಕಿ ಇಳಿಸಿ ಗಾಳಿಗೆ ಮುಖ ಕೊಟ್ಟಿದ್ದರು.

"ಗಿರಣಿ ಸಪ್ಪಳದಾಗ ಕುಂತು ಕುಂತು ಗೋವಿಂದರಾಜಣ್ಣನ ಕಿವಿ ಮಂದ ಆಗ್ಯಾವ್ರಿ" ಎಂದೆ. "ಅಷ್ಟು ಸ್ವಚ್ಛ ಹೇಳಿದ್ದು ಅವರಿಗೆ ತಿಳೀಲಿಲ್ಲ ನೋಡ್ರಿ. ಆ ಗುಮಾಸ್ತಗೂ ತಿಳೀಲಿಲ್ಲ. ಅವತ್ತು ಭಾಯಿಗೂ ಮೂರು ಸಲ ಹೇಳಬೇಕಾತು."

ಇವರು ತಿರುಗಿ ನನ್ನನ್ನೇ ನೋಡಿದರು. ಬಾಯಿಯ ಒಂದು ಅಂಚು ಮೇಲಕ್ಕೆ ಹೋಯಿತು. ಆಮೇಲೆ ಭುಜ ಕುಲುಕುವಂತೆ ನಗತೊಡಗಿದರು.

"ಯಾಕ್ರಿ? ಏನಾತು?"

"ಏನಿಲ್ಲ" ಎಂದರು. ಮತ್ತೆ ಕೇಳಿದರೂ ಏನಿಲ್ಲ, ಏನಿಲ್ಲ ಎನ್ನುತ್ತ, ಕಾಲುವೆಯ ಸೇತುವೆ ದಾಟುವವರೆಗೂ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದರು.